ಮಕ್ಕಳಾಗಲೆಂದು ಬಂದವರ ಕುತ್ತಿಗೆ ನೋಡಿದ್ದು

"ನೀವು ಯಾವ ಡಾಕ್ಟರು?" ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ನನಗೆ ಮೊದಲಿನಿಂದಲೂ ಸ್ವಲ್ಪ ಕಷ್ಟ. ಕಣ್ಣಿನ ಡಾಕ್ಟರು, ಹಲ್ಲಿನ ಡಾಕ್ಟರು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹಾರ್ಮೋನಿನ ಡಾಕ್ಟರು ಎಂದಾಗ ಗಂಡಸರು ಮುಜುಗರಪಟ್ಟುಕೊಂಡು ಗೋಡೆ ನೋಡುತ್ತಿದ್ದರು. ಹೆಂಗಸರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಗಲ್ಲದ ಮೇಲಿನ ಕೂದಲಿಗೆ ಔಷಧ ಕೇಳುತ್ತಿದ್ದರು. ಚೆನ್ನೈಯಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ, ಕ್ರೋಂಪೇಟೆಯ ನಮ್ಮ ಬೀದಿಯ ಇಸ್ತ್ರಿಯವರ ಪಾಲಿಗೆ ನಾನು ದಪ್ಪ ಇರುವವರನ್ನು ಸಣ್ಣ ಮಾಡುವ ಅಮ್ಮ. ನನ್ನ ಆಕಾರ ನೋಡಿದ ಮೇಲೂ ಅವರು ಹಾಗೆ ನಂಬಿದ್ದರಲ್ಲ, ಅದಕ್ಕೆ ನಾನು ಕೃತಜ್ಞಳು.

ನನ್ನ ಅಕ್ಕನ ಮೊಮ್ಮಗಳು ಈಗ ಇದೇ ವಿಭಾಗಕ್ಕೆ ಸೇರಿದ್ದಾಳೆ. "ನಿಮ್ಮ ಕಾಲದಲ್ಲಿ ಹೇಗಿತ್ತು ಚಿಕ್ಕಜ್ಜಿ?" ಎಂದು ಕೇಳುತ್ತಾಳೆ, ಎತ್ತಿನ ಗಾಡಿಯಲ್ಲಿ ಕಾಶಿಗೆ ಹೋಗಿಬಂದವರನ್ನು ಕೇಳುವ ಧ್ವನಿಯಲ್ಲಿ. ನನ್ನ ಕಾಲವೆಂದರೆ ತೊಂಬತ್ತರ ದಶಕದ ಕೊನೆ ಮತ್ತು ಎರಡು ಸಾವಿರದ ನಂತರದ ಕೆಲವು ವರ್ಷಗಳು, ಅಷ್ಟೇನೂ ಹಳೆಯದಲ್ಲ. ಆದರೂ ಅವಳಿಗಾಗಿ, ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದನ್ನು ಬಿಟ್ಟಿದ್ದೇನೆ. ಆಗಲೂ ಅದನ್ನು ನನ್ನ ಗಂಡನ ಹೊರತು ಯಾರೂ ಕೇಳಲಿಲ್ಲ.

ನಾನು ಕೆಲಸ ಕಲಿತದ್ದು ಒಂದು ಖಾಸಗಿ ಆಸ್ಪತ್ರೆಯಲ್ಲಿ, ಒಬ್ಬ ಹಿರಿಯ ತಮಿಳು ವೈದ್ಯರ ಕೈಕೆಳಗೆ. ಅವರನ್ನು ಎಲ್ಲರೂ ಚೀಫ್ ಎನ್ನುತ್ತಿದ್ದೆವು. ಅವರ ಹೆಂಡತಿ ಕೂಡ ಫೋನ್ ಮಾಡಿದಾಗ "ಚೀಫ್ ಊಟ ಮಾಡಿದ್ರಾ?" ಎಂದೇ ವಿಚಾರಿಸುತ್ತಿದ್ದರು. ಚೀಫ್ ಮೇಜಿನ ಮೇಲೆ ಯಾವಾಗಲೂ ಒಂದು ಹಿತ್ತಾಳೆ ಚೊಂಬು, ಪಕ್ಕದಲ್ಲಿ ಲೋಟ. ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಾಗಿಲ್ಲ ಎಂದು ಯಾರನ್ನಾದರೂ ಹೆರಿಗೆ ವಿಭಾಗದವರು ನಮ್ಮಲ್ಲಿಗೆ ಕಳಿಸಿದರೆ, ಫೈಲು ತೆರೆಯುವುದಕ್ಕೂ ಮೊದಲು "ತಣ್ಣಿ ಕುಡಿಮ್ಮಾ" ಎಂದು ನೀರಿನ ಲೋಟವನ್ನು ಮುಂದಿಡುತ್ತಿದ್ದರು. ಆಕೆ ನೀರು ಕುಡಿಯುತ್ತಿರುವಾಗ ಇವರು ಆಕೆಯ ಕುತ್ತಿಗೆ ನೋಡುವರು. ಥೈರಾಯ್ಡ್ ಗ್ರಂಥಿ ಊದಿಕೊಂಡಿದ್ದರೆ ಪ್ರತಿ ಗುಟುಕಿಗೂ ಮೇಲೆದ್ದು ಕೆಳಗಿಳಿಯುವುದು ಕಾಣುತ್ತದೆ. ಬಂದವರಿಗೆ ಇದೇನೂ ಗೊತ್ತಿಲ್ಲ. ಬಿಸಿಲಲ್ಲಿ ಬಂದವರಿಗೆ ಮೊದಲು ನೀರು ಕೊಡುವ ಡಾಕ್ಟರನ್ನು ನಾವು ಕಂಡೇ ಇಲ್ಲ ಎಂದು ಹೊಗಳಿಕೊಂಡು ಹೋಗುತ್ತಿದ್ದರು. ಬೇಸಿಗೆಯಲ್ಲಿ ನೀರಿನ ಲಾರಿ ಬಾರದ ದಿನಗಳಲ್ಲಿ ಚೊಂಬು ಖಾಲಿಯಾದಾಗ ಚೀಫ್ ನಮ್ಮಂಥ ಜೂನಿಯರ್‌ಗಳ ಬಾಟಲಿಗಳನ್ನು ಕಿತ್ತುಕೊಳ್ಳುತ್ತಿದ್ದರು. ನಮ್ಮ ಬಾಯಾರಿಕೆಗಿಂತ ರೋಗಿಯ ಕುತ್ತಿಗೆ ದೊಡ್ಡದು.

ರಕ್ತಪರೀಕ್ಷೆಯನ್ನು ಅವರು ವಿವರಿಸುತ್ತಿದ್ದ ರೀತಿ ನನಗೆ ಈಗಲೂ ಇಷ್ಟ. "ಮೆದುಳಿನ ಕೆಳಗೆ ಒಬ್ಬ ಅತ್ತೆ ಕೂತಿದ್ದಾಳೆ. ಕುತ್ತಿಗೆಯಲ್ಲಿ ಇರೋದು ಸೊಸೆ. ಸೊಸೆ ಕೆಲಸ ಮಾಡೋದು ನಿಧಾನ ಆದಷ್ಟೂ ಅತ್ತೆಯ ಕೂಗು ಜೋರಾಗುತ್ತೆ. ಆ ಕೂಗಿನ ಹೆಸರೇ ಟಿಎಸ್‌ಎಚ್. ನಾವು ಅಳೆಯೋದು ಅದನ್ನ" ಎಂದು ತಮಿಳಿನಲ್ಲಿ ಹೇಳುವರು. ಜೊತೆಗೆ ಬಂದಿರುತ್ತಿದ್ದ ನಿಜವಾದ ಅತ್ತೆಯಂದಿರ ಮುಖ ಆಗ ನೋಡುವಂತಿರುತ್ತಿತ್ತು. ಸೊಸೆಯರು ನೆಲ ನೋಡಿಕೊಂಡು ನಗುವನ್ನು ನುಂಗುತ್ತಿದ್ದರು, ಅದೂ ಕುತ್ತಿಗೆಯಲ್ಲಿ ಕಾಣುತ್ತಿತ್ತು.

ವಿಷಯ ಇಷ್ಟೇ. ಥೈರಾಯ್ಡ್ ಮಂಕಾದರೆ ಮುಟ್ಟು ಹಿಂದುಮುಂದಾಗುತ್ತದೆ, ಅಂಡ ಹೊತ್ತಿಗೆ ಸರಿಯಾಗಿ ಬಿಡುಗಡೆಯಾಗುವುದಿಲ್ಲ, ಬಸಿರು ನಿಂತರೂ ಮೊದಲ ತಿಂಗಳುಗಳಲ್ಲೇ ಜಾರಿಹೋಗಬಹುದು. ಮಕ್ಕಳಾಗದಿರುವುದಕ್ಕೆ ಇರುವ ನೂರೆಂಟು ಕಾರಣಗಳಲ್ಲಿ ಇದೂ ಒಂದು. ಎಲ್ಲದಕ್ಕೂ ಇದೇ ಕಾರಣವಲ್ಲ. ಆದರೆ ದಿನಕ್ಕೊಂದು ಸಣ್ಣ ಬಿಳಿ ಮಾತ್ರೆಯಿಂದ ಸರಿಹೋಗಬಹುದಾದ ಕಾರಣ. ನಾನು ಕೆಲಸಕ್ಕೆ ಸೇರಿದಾಗ ಈ ಪರೀಕ್ಷೆಯನ್ನು ಎಲ್ಲಕ್ಕಿಂತ ಕೊನೆಗೆ ಬರೆಯುತ್ತಿದ್ದರು. ಹೊಟ್ಟೆಯನ್ನು ಹೊರಗಿನಿಂದ ಒಳಗಿನಿಂದ ನೋಡಿಯಾಗಿ, ದೇವಸ್ಥಾನಗಳನ್ನು ಸುತ್ತಿಯಾಗಿ, ನಾಗರಕಲ್ಲು ಪ್ರತಿಷ್ಠೆ ಮಾಡಿಸಿಯಾದ ಮೇಲೆ ಯಾರಿಗೋ ಕುತ್ತಿಗೆಯ ನೆನಪಾಗುತ್ತಿತ್ತು.

ರಿಪೋರ್ಟು ಬರುವುದೂ ಆಗ ಸುಲಭವಿರಲಿಲ್ಲ. ಲ್ಯಾಬಿನಲ್ಲಿ ಒಂದು ಕಿಟ್ ತೆರೆಯಬೇಕಾದರೆ ಅದಕ್ಕೆ ಸಾಕಾಗುವಷ್ಟು ಜನರ ರಕ್ತ ಕೂಡಬೇಕು. ತಾಂಬರಂ ಕಡೆಯ ಶೇರ್ ಆಟೋ ಹಾಗೆ, ಆಳು ತುಂಬದೆ ಹೊರಡುವುದಿಲ್ಲ. ವಾರ ಕಾಯಬೇಕು, ಒಮ್ಮೊಮ್ಮೆ ಇನ್ನೂ ಹೆಚ್ಚು. ಮುಂದೆ ದೊಡ್ಡ ಯಂತ್ರಗಳು ಬಂದವು, ಬೆಳಿಗ್ಗೆ ಕೊಟ್ಟ ರಕ್ತದ ಲೆಕ್ಕ ಸಂಜೆಗೆ ಕೈಗೆ ಸಿಗತೊಡಗಿತು. ಆಮೇಲೆ ಶುರುವಾಯಿತು ನೋಡಿ, ಎಲ್ಲರ ಬಾಯಲ್ಲೂ ಥೈರಾಯ್ಡ್. ಸಂಖ್ಯೆ ಒಂದು ಕೂದಲೆಳೆ ಹೆಚ್ಚಾದರೂ ಹೆದರಿ ಓಡಿಬರುವರು. ಗಂಡನ ಮರೆವಿಗೆ, ಮಗಳ ಕಡಿಮೆ ಅಂಕಕ್ಕೆ, ಮಾವನವರ ಸಿಟ್ಟಿಗೆ ಎಲ್ಲಕ್ಕೂ ಥೈರಾಯ್ಡೇ. ಬಡಪಾಯಿ ಗ್ರಂಥಿ ಅಷ್ಟೆಲ್ಲ ಮಾಡಲಾರದು ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

ಯಂತ್ರಗಳು ಬಂದವು, ಆದರೆ ರೋಗಿಯನ್ನು ಏನು ಕೇಳಬೇಕು ಎನ್ನುವುದನ್ನು ಯಾವ ಯಂತ್ರವೂ ಹೇಳಿಕೊಡುವುದಿಲ್ಲ. ಅದನ್ನು ನನಗೆ ಹೇಳಿಕೊಟ್ಟವರು ಗುರುಮಲ್ಲಪ್ಪನವರ ಮನೆಯವರು.

ಗುರುಮಲ್ಲಪ್ಪನವರು ಚಾಮರಾಜನಗರದ ಕಡೆಯ ಲಿಂಗಾಯತರು. ಚೆನ್ನೈಯ ಪ್ಯಾರೀಸ್ ಕಾರ್ನರ್‌ ಪೇಟೆಯಲ್ಲಿ ಅರಿಶಿನದ ಸಗಟು ವ್ಯಾಪಾರ. ಮನೆ ಮಾಧವರಂನಲ್ಲಿ, ಹಾಲಿನ ಡೈರಿಗೆ ಹತ್ತಿರ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಎಲ್ಲ ಒಂದೇ ಮನೆಯಲ್ಲಿ. ಮಾಧವರಂನಿಂದ ಕ್ರೋಂಪೇಟೆಯ ನನ್ನ ಸಂಜೆಯ ಕ್ಲಿನಿಕ್ಕಿಗೆ ಬರುವ ದಾರಿಯಲ್ಲಿ ನನಗಿಂತ ಬುದ್ಧಿವಂತರಾದ ಡಾಕ್ಟರುಗಳು ಎಷ್ಟು ಮಂದಿಯೋ. ಅವರನ್ನೆಲ್ಲ ದಾಟಿಕೊಂಡು, ಬಸ್ಸು ಹತ್ತಿ, ಬೀಚ್ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ಟ್ರೈನ್ ಹಿಡಿದು ಇವರು ನನ್ನಲ್ಲಿಗೆ ಬಂದದ್ದಕ್ಕೆ ಇದ್ದ ಕಾರಣ ಒಂದೇ, ನಾನು ಕನ್ನಡದವಳು. ಮೈಸೂರಿನಲ್ಲಿ ಹುಟ್ಟಿದ್ದು ನನ್ನ ಎಂ.ಡಿ.ಗಿಂತ ದೊಡ್ಡ ಪದವಿ ಎಂದು ಆ ದಿನ ತಿಳಿಯಿತು.

ಮೊದಲ ಸಲ ಬಂದವರು ಸೊಸೆಯರಿಬ್ಬರೇ. ಒಬ್ಬಳ ಹೊಟ್ಟೆ ಆಗತಾನೆ ಕಾಣಿಸಿಕೊಳ್ಳುತ್ತಿತ್ತು. ಬಸುರಿಯರಲ್ಲಿ ಥೈರಾಯ್ಡ್ ತೊಂದರೆ ಸಾಮಾನ್ಯ. ನಾನು ಚೀಫ್ ಶಿಷ್ಯೆಯಲ್ಲವೇ, ಹಿಂದೆಮುಂದೆ ನೋಡದೆ ಅವಳ ಮುಂದೆ ನೀರಿನ ಲೋಟ ಇಟ್ಟೆ. ಅವಳು ಗಟಗಟನೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ತ್ಯಾಂಕ್ಸ್ ಡಾಕ್ಟರೇ. ತೋರಿಸ್ಕೊಳ್ಳೋಳು ನಾನಲ್ಲ, ಅಕ್ಕ" ಎಂದಳು. ಅವಳು ಕಿರಿಯ ಸೊಸೆ ಪುಷ್ಪಾ. ಅಕ್ಕ ಎಂದದ್ದು ತನ್ನ ಓರಗಿತ್ತಿ, ಹಿರಿಯ ಸೊಸೆ ನೀಲಾಂಬಿಕೆಯನ್ನು.

ಮನೆಯವರು ನೀಲಾ ಎನ್ನುತ್ತಿದ್ದ ಆ ಹುಡುಗಿ ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ಮೆಲ್ಲಗೆ, "ಡಾಕ್ಟರೇ, ಆ ಫ್ಯಾನ್ ಸ್ವಲ್ಪ ಆರಿಸ್ತೀರಾ? ಚಳಿ ಆಗ್ತಿದೆ" ಎಂದಳು. ಅದು ಚೆನ್ನೈಯ ಮೇ ತಿಂಗಳು. ಆ ತಿಂಗಳಲ್ಲಿ ಫ್ಯಾನ್ ಆರಿಸಿ ಎನ್ನುವ ಹೆಂಗಸಿಗೆ ಟಿಎಸ್‌ಎಚ್ ಬರೆಯದೆ ಇನ್ನೇನು ಬರೆಯಬೇಕು? ಮದುವೆಯಾಗಿ ಏಳು ವರ್ಷ. ಎರಡು ಸಲ ಬಸಿರು ನಿಂತು ಜಾರಿತ್ತು. ಆಮೇಲೆ ನಿಲ್ಲಲೇ ಇಲ್ಲ. ಯಾವಾಗಲೂ ಸುಸ್ತು, ಮುಟ್ಟು ತನಗೆ ತೋಚಿದಾಗ ಬರುತ್ತಿತ್ತು.

ನೀಲಾ ರಕ್ತ ಕೊಡಲು ಪಕ್ಕದ ಕೋಣೆಗೆ ಹೋದಾಗ ಪುಷ್ಪಾ ಮೇಜಿನ ಮೇಲೆ ಬಗ್ಗಿದಳು.

"ಡಾಕ್ಟರೇ, ಅಕ್ಕನಿಗೆ ಸೀಕ್ರಂ, ಬೇಗ ಏನಾದ್ರೂ ಮಾಡಿ. ನಂಗೆ ಎರಡು ಹೆಣ್ಮಕ್ಕಳಿವೆ. ಇದು ಮೂರನೇದು. ಹುಟ್ಟಿದ ಮೇಲೆ ತೊಟ್ಟಿಲು ಶಾಸ್ತ್ರದ ದಿನ ಅಕ್ಕನ ಮಡಿಲಿಗೆ ಹಾಕ್ಬೇಕು ಅಂತ ಅತ್ತೆ ಮಾತು ಮಾಡಿಬಿಟ್ಟಿದ್ದಾರೆ."

"ನೀನು ಒಪ್ಪಿದ್ದೀಯಾ?"

"ಹೂಂ ಅಂದೆ. ಅಕ್ಕ ಅಂದ್ರೆ ನಂಗೆ ಪ್ರಾಣ. ಆಗ ಎರಡೇ ತಿಂಗಳು, ಗೊತ್ತೇ ಆಗಿರ್ಲಿಲ್ಲ." ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಈಗ ಒದೆಯತ್ತೆ ಡಾಕ್ಟರೇ."

ನೀಲಾಳಿಗೆ ಬಸಿರು ನಿಂತರೆ ಪುಷ್ಪಾಳ ಮಗು ಪುಷ್ಪಾಳಲ್ಲೇ ಉಳಿಯುತ್ತದೆ. ಒಂದೇ ಚೀಟಿಯ ಮೇಲೆ ಇಬ್ಬರು ಹೆಂಗಸರ ಮಕ್ಕಳು ನಿಂತಿದ್ದದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ.

ರಿಪೋರ್ಟು ಬಂತು. ಮೆದುಳಿನ ಅತ್ತೆ ಕಿರುಚಾಡುತ್ತಿದ್ದಳು. ಮಾತ್ರೆ ಬರೆದೆ. ಗಂಡ ಮಹೇಶನನ್ನೂ ಪರೀಕ್ಷೆಗೆ ಕರೆಸಿದೆ. ಅಂಗಡಿಯಲ್ಲಿ ಕೆಲಸ ಜಾಸ್ತಿ, ಲೋಡ್ ಬಂದಿದೆ, ಲೋಡ್ ಹೋಗಿದೆ ಎಂದು ತಿಂಗಳು ತಪ್ಪಿಸಿಕೊಂಡ ಮೇಲೆ ಬಂದ. ಅವನದು ಎಲ್ಲ ಸರಿಯಾಗಿತ್ತು. ಮುಂದಿನ ಸಲದಿಂದ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ.

ಸುಮಾರು ಒಂದೂವರೆ ತಿಂಗಳು ಬಿಟ್ಟು ಮತ್ತೆ ರಕ್ತ ನೋಡಿದರೆ ಸಂಖ್ಯೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಈ ಮಾತ್ರೆ ನಾಜೂಕಿನದು. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಬೇಕು, ಮುಕ್ಕಾಲು ಗಂಟೆ, ಒಂದು ಗಂಟೆ ಬೇರೇನೂ ಒಳಗೆ ಹೋಗಬಾರದು. ನಮ್ಮ ಕಡೆಯವರ ಮನೆಗಳಲ್ಲಿ ಅದಕ್ಕಿರುವ ದೊಡ್ಡ ವೈರಿ ಯಾರೆಂದು ನನಗೆ ಗೊತ್ತಿತ್ತು. ಬೆಳಗಿನ ಮೊದಲ ಕಾಫಿಯ ವಿರುದ್ಧ ನಾನೊಂದು ಭಾಷಣ ತಯಾರು ಮಾಡಿಟ್ಟುಕೊಂಡಿದ್ದೆ. ಡಿಕಾಕ್ಷನ್ನಿನ ಪರಿಮಳದಿಂದ ಶುರುವಾಗಿ ಮಾತ್ರೆಯ ಮರಣದಲ್ಲಿ ಮುಗಿಯುವ ಆ ಭಾಷಣಕ್ಕೆ ಕ್ಲಿನಿಕ್ಕಿನಲ್ಲಿ ಒಳ್ಳೆಯ ಹೆಸರಿತ್ತು. ನೀಲಾಳ ಮುಂದೆ ಪೂರ್ತಿ ಭಾಷಣ ಮಾಡಿದೆ. ಅವಳು ಕೊನೆಯವರೆಗೆ ವಿನಯದಿಂದ ಕೇಳಿ, "ನಮ್ಮನೇಲಿ ಯಾರೂ ಬೆಳಿಗ್ಗೆ ಕಾಫಿ ಕುಡಿಯಲ್ಲ ಡಾಕ್ಟರೇ" ಎಂದಳು.

"ಮಾತ್ರೆ ದಿನಾ ತೊಗೋತೀಯಾ?"

"ಒಂದು ದಿನಾನೂ ಬಿಟ್ಟಿಲ್ಲ."

"ಖಾಲಿ ಹೊಟ್ಟೇಲಿ?"

"ಪೂರ್ತಿ ಖಾಲಿ ಹೊಟ್ಟೆ ಡಾಕ್ಟರೇ. ಮುಂಚೆ ನೀರೂ ಕುಡಿದಿರಲ್ಲ."

ಇದಕ್ಕಿಂತ ಒಳ್ಳೆಯ ರೋಗಿ ಎಲ್ಲಿ ಸಿಗುತ್ತಾಳೆ? ಮಾತ್ರೆಯ ಪ್ರಮಾಣ ಹೆಚ್ಚಿಸಿದೆ. ಮುಂದಿನ ಸಲವೂ ಸಂಖ್ಯೆ ಅಲ್ಲಾಡಲಿಲ್ಲ. ಆ ಸಲ ಅತ್ತೆ ಮಹದೇವಮ್ಮನವರೂ ಜೊತೆಗೆ ಬಂದಿದ್ದರು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ನೇರ ಮಾತು. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹೆಸ್ರು ನೋಡುದ್ರ ಇಷ್ಟುದ್ದ ಅದ, ಕೆಲ್ಸ ಮಾತ್ರ ಏನೂ ಇಲ್ಲ ಕಣವ್ವ" ಎಂದರು. ಅವರು ಕೆಟ್ಟವರಲ್ಲ. ಹಿರಿಸೊಸೆ ಮೂಲೆಯಲ್ಲಿ ಕೂತು ಅಳುವುದನ್ನು ನೋಡಲಾಗದೆ ಕಿರಿಸೊಸೆಯ ಮಗುವನ್ನು ಕೊಡಿಸಲು ಹೊರಟವರು. ಒಂದು ಕಡೆಯ ಅಳು ನಿಲ್ಲಿಸಿದರೆ ಇನ್ನೊಂದು ಕಡೆ ಶುರುವಾದೀತು ಎಂದು ಅವರಿಗೆ ಹೊಳೆದಿರಲಿಲ್ಲ, ಅಷ್ಟೇ.

ಚೀಫ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು, "ಒಂದೋ ರೋಗಿ ಸುಳ್ಳು ಹೇಳ್ತಿದ್ದಾಳೆ, ಇಲ್ಲ ನೀನು ತಪ್ಪು ಪ್ರಶ್ನೆ ಕೇಳ್ತಿದ್ದೀಯ. ನನಗೆ ಆ ಹುಡುಗಿ ಗೊತ್ತಿಲ್ಲ. ನೀನು ಗೊತ್ತು" ಎಂದು ಫೋನ್ ಇಟ್ಟರು.

ಪುಷ್ಪಾಳಿಗೆ ಏಳು ತಿಂಗಳು ತುಂಬಿದಾಗ, ಮೂರನೆಯ ಬಸಿರಾದರೂ ಹಿರಿಸೊಸೆಗೆ ಹೋಗುವ ಮಗುವೆಂದು ಸೀಮಂತ ಇಟ್ಟುಕೊಂಡು ನನ್ನನ್ನೂ ಕರೆದರು. ಅಕ್ಕಪಕ್ಕದ ತಮಿಳರ ಬಾಯಲ್ಲಿ ಅದು ವಳೈಕಾಪ್ಪು. ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕಲ್ಲ, ಟ್ರಾಫಿಕ್ಕಿಗೆ ಹೆದರಿ ಬೆಳಗಾಗುವ ಹೊತ್ತಿಗೇ ಹೊರಟೆ. ಭಾನುವಾರ, ದಾರಿ ಖಾಲಿ. ಮನೆಯವರಿಗಿಂತ ಮೊದಲೇ ಅತಿಥಿ ಸಿದ್ಧಳಾದಂತಾಯಿತು. ಪುಷ್ಪಾಳ ಹೆಣ್ಣುಮಕ್ಕಳು ಬಾಗಿಲು ತೆರೆದರು. ನಾನು ಕನ್ನಡದಲ್ಲಿ ಹೆಸರು ಕೇಳಿದರೆ ಅವರು ತಮಿಳಿನಲ್ಲಿ ಉತ್ತರಿಸಿ, ಎಲ್ಲರೂ ಪೂಜೆಗೆ ಕೂತಿದ್ದಾರೆಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಒಳಗೆ ದೊಡ್ಡವರೆಲ್ಲ ಸಾಲಾಗಿ ಕೂತು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದರು. ನಾನು ಸದ್ದಿಲ್ಲದೆ ಬಾಗಿಲ ಬಳಿ ಕೂತೆ. ಪೂಜೆ ಮುಗಿಯಿತು. ಎಲ್ಲರೂ ತೀರ್ಥ ತೆಗೆದುಕೊಂಡರು. ಮಹದೇವಮ್ಮನವರು ಲಿಂಗಕ್ಕೆ ತೋರಿಸಿದ ಬಿಸಿ ಹಾಲನ್ನು ಲೋಟಗಳಿಗೆ ಹಾಕಿ ಒಬ್ಬೊಬ್ಬರಿಗೇ ಕೊಡತೊಡಗಿದರು. ಡೈರಿಯಿಂದ ಆಗತಾನೆ ಬಂದ ಹಾಲು, ಮೇಲೆ ಬೆರಳು ದಪ್ಪ ಕೆನೆ. ನೀಲಾ ನನ್ನನ್ನು ನೋಡಿ ನಕ್ಕಳು. ಮಾತ್ರೆಯ ಪಟ್ಟಿಯನ್ನು ಎತ್ತಿ ತೋರಿಸಿ, "ನೋಡಿ ಡಾಕ್ಟರೇ, ಖಾಲಿ ಹೊಟ್ಟೆ" ಎಂದು ಹೆಮ್ಮೆಯಿಂದ ಹೇಳಿ, ಬಾಯಿಗೆ ಹಾಕಿಕೊಂಡು, ಒಂದು ಲೋಟ ಹಾಲನ್ನು ಅದರ ಹಿಂದೆಯೇ ಕಳಿಸಿದಳು.

ನಾನು "ಅಯ್ಯೋ" ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಲಿಂಗವನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದ ಗುರುಮಲ್ಲಪ್ಪನವರು ಬೆಚ್ಚಿ ತಿರುಗಿದರು.

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪೂಜೆಯಾಗುವ ತನಕ ಹೊಟ್ಟೆ ಖಾಲಿ, ನೀರೂ ಇಲ್ಲ. ಆಮೇಲೆ ತೀರ್ಥ ಬಿಟ್ಟರೆ ಮೊದಲು ಬಾಯಿಗೆ ಹೋಗುವುದು ಮಾತ್ರೆ, ಅದೇ ಗುಟುಕಿನಲ್ಲಿ ಹಾಲು. ಹಾಲಿನ ಸುಣ್ಣದ ಅಂಶ ಈ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ರಕ್ತಕ್ಕೆ ಹೋಗಗೊಡುವುದಿಲ್ಲ. ನಾನು ಕಾಫಿಯ ಬಗ್ಗೆ ಭಾಷಣ ಮಾಡಿದ್ದೆನೇ ಹೊರತು, ಕನ್ನಡದವಳೆಂಬ ಬಿಂಕದಲ್ಲಿ, ನಮ್ಮ ಮನೆಯಂಥದೇ ಅವರ ಮನೆಯೂ ಎಂದುಕೊಂಡುಬಿಟ್ಟಿದ್ದೆ. ತಮಿಳರ ಮನೆಯವಳಾಗಿದ್ದರೆ ಎದ್ದಾಗಿನಿಂದ ಏನೇನು ಮಾಡುತ್ತೀಯಮ್ಮ ಎಂದು ಒಂದೊಂದಾಗಿ ಕೇಳಿರುತ್ತಿದ್ದೆ.

ವಿಷಯ ಬಿಡಿಸಿ ಹೇಳಿದೆ. ಎದ್ದ ಕೂಡಲೇ ಮಾತ್ರೆ ನುಂಗಿ ಆಮೇಲೆ ಪೂಜೆಗೆ ಕೂರಲಿ ಎಂದೆ.

"ಪೂಜೆ ಆಗ್ದೆ ಬಾಯ್ಗ ನೀರೂ ಹಾಕ್ದೇ ಇರೋರು ನಾವು. ಅದು ಆಗದ ಮಾತು ಬುಡಿ" ಎಂದರು ಮಹದೇವಮ್ಮ.

"ಸರಿ, ಪೂಜೆ ಆದ ಮೇಲೆ ಮಾತ್ರೆ. ಹಾಲು ಒಂದು ಗಂಟೆ ಬಿಟ್ಟು ಕುಡೀಲಿ."

"ಲಿಂಗಕ್ಕ ತೋರ್ಸಿದ ಹಾಲ ಆರಕ್ಕ ಬುಟ್ಟು ಕೂರಾದಾ? ಪ್ರಸಾದನ ಕಾಯ್ಸಾದಾ? ಚೆನ್ನಾಗದ."

ಎರಡೂ ದಾರಿ ಮುಚ್ಚಿತು. ನೀಲಾ ಖಾಲಿ ಲೋಟ ಹಿಡಿದುಕೊಂಡು ಅತ್ತೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಪುಷ್ಪಾ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಆ ಮನೆಯಲ್ಲಿ ಅವಳಷ್ಟು ಗಮನವಿಟ್ಟು ಆ ಮಾತು ಕೇಳುತ್ತಿದ್ದವರು ಯಾರೂ ಇರಲಿಲ್ಲ.

ಆಗ ಗುರುಮಲ್ಲಪ್ಪನವರು ಹೆಂಡತಿಯ ಕಡೆ ತಿರುಗಿದರು. "ಹಾಲ ಆಮೇಲೆ ತೋರ್ಸು, ಯಾರ್ ಬ್ಯಾಡ ಅಂದರು? ಮೊದ್ಲು ಮಾತ್ರೆ ತೋರ್ಸ್ಲಿ. ಕೈಗ ಬಂದುದ್ನೆಲ್ಲ ಲಿಂಗಕ್ಕ ತೋರ್ಸೇ ಬಾಯ್ಗ ಹಾಕಾದು ಅಂತ ನೀನೇ ಅಲ್ವಾ ಹೇಳದು? ಮಾತ್ರೆ ಏನು ಪಾಪ ಮಾಡದ? ಲಿಂಗಕ್ಕ ತೋರ್ಸಿ, ತೀರ್ಥ ತಕಂಡು, ನೀರ್‍ನಲ್ಲಿ ನುಂಗ್ಲಿ. ಅದೇ ಪ್ರಸಾದ."

ಮಹದೇವಮ್ಮನವರು ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದರು. ಅರಿಶಿನದ ವ್ಯಾಪಾರಿಯ ಬಾಯಲ್ಲಿ ಇಂಥ ಮಾತು ಬಂದೀತೆಂದು ಅವರು ಎಣಿಸಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ, "ಅವಳೊಬ್ಬಳು ಬಾಯಿ ಕಟ್ಕಂಡು ಕೂತಿರಾದು, ನಾವು ಅವಳ ಮುಂದ ಹಾಲು ಕುಡ್ಯಾದು, ಅದು ನನ್ ಕೈಲಾಗದಿಲ್ಲ. ಕುಡ್ಯಾದಾದ್ರ ಎಲ್ಲಾರೂ ಆಮೇಲೆ ಕುಡ್ಯಾದು" ಎಂದು ತೀರ್ಪು ಕೊಟ್ಟರು.

ಹೀಗೆ ಒಬ್ಬ ಸೊಸೆಯ ಥೈರಾಯ್ಡಿಗೆ ಇಡೀ ಮನೆ ಉಪವಾಸ ಕೂತಿತು. ಗಂಡಸರು ಅಂಗಡಿಗೆ ತಡವಾಗಿ ಹೋಗತೊಡಗಿದರು. ಮಹೇಶ ಸಿಕ್ಕಿದಾಗ, "ನಾವು ಹಾಲು ಕುಡಿದು ಪ್ಯಾರೀಸ್‌ಗೆ ಹೋಗೋಷ್ಟರಲ್ಲಿ ಒಳ್ಳೇ ಸರಕೆಲ್ಲಾ ಮುಗಿದೇ ಹೋಗಿರತ್ತೆ ಡಾಕ್ಟರೇ" ಎಂದು ದೂರಿದ. ಅವನ ಮುಖದಲ್ಲಿ ಮಾತ್ರ ದೂರು ಇರಲಿಲ್ಲ.

ಮುಂದಿನ ರಿಪೋರ್ಟು ನೋಡಿ ನಾನು ಮೇಜು ಕುಟ್ಟಿದೆ. ಮೆದುಳಿನ ಅತ್ತೆ ಧ್ವನಿ ತಗ್ಗಿಸಿದ್ದಳು. ಎಷ್ಟು ತಗ್ಗಿಸಿದ್ದಳೆಂದರೆ ನಾನು ಹೆಚ್ಚಿಸಿದ್ದ ಮಾತ್ರೆಯನ್ನು ಕಡಿಮೆ ಮಾಡಬೇಕಾಯಿತು. ನೀಲಾ ಫ್ಯಾನಿನ ಕೆಳಗಿನ ಕುರ್ಚಿಗೆ ತಾನಾಗಿ ಹೋಗಿ ಕೂತಳು. ಆದರೆ ಅಷ್ಟರಲ್ಲಿ ಪುಷ್ಪಾಳಿಗೆ ದಿನ ತುಂಬುತ್ತಿತ್ತು, ನೀಲಾಳಿಗೆ ಬಸಿರು ನಿಂತಿರಲಿಲ್ಲ.

ಮಹದೇವಮ್ಮನವರು ನೇರವಾಗಿ ಕೇಳಿದರು: "ಆಯ್ತದೋ ಇಲ್ವೋ, ಒಂದ್ ಮಾತಲ್ಲಿ ಹೇಳ್ಬುಡಿ."

ಅವರ ಬೆನ್ನ ಹಿಂದೆ ಪುಷ್ಪಾ ನಿಂತಿದ್ದಳು. ಆಗುತ್ತದೆ ಎಂದು ನಾನು ಒಂದು ಮಾತು ಹೇಳಿದ್ದರೆ ಅವಳ ಮಗು ಅವಳದಾಗುತ್ತಿತ್ತು. ಹೇಳಿಬಿಡೋಣ ಎಂದು ನನಗೆ ತುಂಬ ಅನ್ನಿಸಿತು. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರೇ, ಅಂಥ ಹೊತ್ತು ನಿಮಗೂ ಬರುತ್ತದೆ. "ಅಡ್ಡಿಯೊಂದು ಸರಿಹೋಗಿದೆ. ಆಗಬಹುದು. ಆಗೇ ಆಗುತ್ತೆ ಅಂತ ನಾನು ಹೇಳಲಾರೆ" ಎಂದೆ. ಪುಷ್ಪಾ ಕಣ್ಣು ಕೆಳಗೆ ಹಾಕಿದಳು.

"ಹಂಗಾರ ಆಡಿದ್ ಮಾತು ಮಾತೇ" ಎಂದರು ಮಹದೇವಮ್ಮ.

ಹುಟ್ಟಿದ್ದು ಗಂಡು. ಎರಡು ಹೆಣ್ಣಿನ ಮೇಲೆ ಹುಟ್ಟಿದ ಗಂಡು. ಪುಷ್ಪಾಳ ಗಂಡ ಸಿಹಿ ಹಂಚಲು ಬಂದಾಗ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅದರ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತ ನಿಂತುಕೊಂಡ. ಅಣ್ಣನಿಗೆ ಕೊಟ್ಟ ಮಾತು, ತಾಯಿ ಆಡಿದ ಮಾತು; ಅವನು ಯಾರನ್ನು ಏನೆಂದು ಕೇಳಿಯಾನು?

ತೊಟ್ಟಿಲು ಶಾಸ್ತ್ರದ ದಿನ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗುವಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕಿ ಆಯಿತು. ಆಮೇಲೆ ಮಹದೇವಮ್ಮನವರು ಮಗುವನ್ನು ತೊಟ್ಟಿಲಿನಿಂದ ಎತ್ತಿ ತಂದು ನೀಲಾಳ ಮಡಿಲಿಗೆ ಹಾಕಿದರು. ಪುಷ್ಪಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ನೀಲಾ ಮಗುವನ್ನು ಎದೆಗೆ ಹಿಡಿದುಕೊಂಡಳು. ಅದರ ತಲೆ ಮೂಸಿದಳು. ಅಷ್ಟು ಹೊತ್ತು ಹಿಡಿದುಕೊಂಡಳೆಂದರೆ ಇನ್ನು ಮುಗಿಯಿತು ಎಂದುಕೊಂಡೆ ನಾನು. ಆಮೇಲೆ ಎದ್ದು, ಪುಷ್ಪಾಳ ಮುಂದೆ ಕೂತು, ಅವಳ ತೊಡೆಯ ಮೇಲೆ ಮಗುವನ್ನು ಮಲಗಿಸಿದಳು.

"ಏನೇ ಇದು?" ಎಂದರು ಮಹದೇವಮ್ಮ.

"ನಂಗೆ ಮಗು ಬೇಕು ಅತ್ತೆ. ಇವಳ ಮಗು ಬೇಡ."

"ಡಾಕ್ಟ್ರಮ್ಮನೇ ಆಯ್ತದ ಅಂತ ಹೇಳ್ನಿಲ್ಲ. ನಾಳ ನಿಂಗ ಆಗ್ದೇ ಹೋದ್ರ?"

"ಆಗ್ದಿದ್ರೆ ಇಲ್ಲ. ಇವನಿಗೆ ಹಾಲು ಕೊಡೋಕೆ ಪುಷ್ಪಾ ಕಣ್ಣೊರೆಸ್ಕೊಂಡು ನನ್ನ ರೂಮಿನ ಬಾಗಿಲು ತಟ್ಟೋದನ್ನ ನಂಗೆ ನೋಡೋಕಾಗಲ್ಲ. ನಾನು ಅವನಿಗೆ ದೊಡ್ಡಮ್ಮ. ಅಷ್ಟು ಸಾಕು."

ಪುಷ್ಪಾ ಆಗ ಅತ್ತ ಅಳು ನಾನು ಹೆರಿಗೆ ವಾರ್ಡುಗಳಲ್ಲೂ ಕೇಳಿರಲಿಲ್ಲ. ಮಹದೇವಮ್ಮನವರು ಅಡಿಗೆಮನೆಗೆ ಹೋಗಿ ಎಲೆ ಹಾಕಿಸಿದರು. ನನ್ನ ಎಲೆಗೆ ಅವರೇ ಬಂದು ಹೋಳಿಗೆ ಬಡಿಸಿದರು, ಮುಖ ನೋಡಲಿಲ್ಲ. ಮನಸ್ಸು ತುಂಬಿ ಬಂದು ತುತ್ತು ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ನಾನು ಎರಡು ತಿಂದೆ.

ಆಮೇಲಿನ ತಿಂಗಳುಗಳಲ್ಲಿ ನೀಲಾ ಬರುತ್ತಲೇ ಇದ್ದಳು. ಸಂಖ್ಯೆ ಪ್ರತಿ ಸಲವೂ ಸರಿಯಾಗಿತ್ತು, ಬಸಿರಿನ ಸುದ್ದಿ ಪ್ರತಿ ಸಲವೂ ಇರಲಿಲ್ಲ. ಒಂದು ದಿನ ಪುಷ್ಪಾ ಫೋನ್ ಮಾಡಿ, "ಅಕ್ಕ ಮಗೂನ ಎತ್ಕೊಳ್ಳೋದೇ ಇಲ್ಲ ಡಾಕ್ಟರೇ. ತೊಟ್ಟಿಲು ತೂಗ್ತಾಳೆ, ಹಾಡ್ತಾಳೆ, ಅವನ ಬಟ್ಟೆ ಒಗೀತಾಳೆ. ಎತ್ಕೊಳ್ಳಲ್ಲ. ನೀವಾದ್ರೂ ಕೇಳಿ" ಎಂದಳು. ಮುಂದಿನ ಸಲ ಬಂದಾಗ ಕೇಳಿದೆ.

"ಎತ್ಕೊಂಡ್ರೆ ಇಳಿಸೋಕಾಗಲ್ಲ ಡಾಕ್ಟರೇ. ಒಂದ್ಸಲ ಇಳಿಸಿದ್ದೀನಿ. ಇನ್ನೊಂದ್ಸಲ ನನ್ನ ಕೈಲಾಗಲ್ಲ" ಎಂದು ಹೇಳಿ, ರವಿಕೆಯ ತೋಳು ಮಡಿಚಿಕೊಂಡು ರಕ್ತ ಕೊಡಲು ಹೋದಳು. ಇದಕ್ಕೆ ನನ್ನ ಹತ್ತಿರ ಮಾತ್ರೆ ಇರಲಿಲ್ಲ.

ಹುಡುಗ ಅಂಬೆಗಾಲಿಡುವ ಹೊತ್ತಿಗೆ ನೀಲಾಳ ಮುಟ್ಟು ನಿಂತಿತು. ರಿಪೋರ್ಟು ಬರುವ ಸಂಜೆ ಮಹೇಶ ಅಂಗಡಿಯಲ್ಲಿ ಲೋಡ್ ಇಳಿಸಿಕೊಳ್ಳುತ್ತಿದ್ದ, ಹೆಂಗಸರು ಮೂವರೂ ಬಂದು ಕೂತರು: ನೀಲಾ, ಮಹದೇವಮ್ಮ, ಸೊಂಟದ ಮೇಲೆ ಮಗ ಕೂತಿದ್ದ ಪುಷ್ಪಾ. ನಾನು ಕಾಗದ ಓದಿದೆ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಬಾಯಿ ತೆರೆಯುವ ಮೊದಲು ಮಾತ್ರೆಯ ಪ್ರಮಾಣ ಹೆಚ್ಚಿಸಿ ಚೀಟಿ ಬರೆದೆ. ಬಸಿರಿನಲ್ಲಿ ಅದು ಹೆಚ್ಚು ಬೇಕು. ಸಂತೋಷದಲ್ಲಿ ಇದನ್ನು ಮರೆಯುವ ಡಾಕ್ಟರುಗಳಿದ್ದಾರೆ. ನನ್ನ ಅಕ್ಷರ ಅವತ್ತು ಎಂದಿಗಿಂತ ಕೆಟ್ಟದಾಗಿ ಬಂತು, ಔಷಧಿ ಅಂಗಡಿಯವನು ಆಮೇಲೆ ಫೋನ್ ಮಾಡಿ ಕೇಳಬೇಕಾಯಿತು.

"ನಿಂತಿದೆ ನೀಲಾ" ಎಂದೆ.

ಮಹದೇವಮ್ಮನವರು ಸೆರಗಿನೊಳಗೆ ಕೈಹಾಕಿ ಲಿಂಗವನ್ನು ಹಿಡಿದುಕೊಂಡು ಕಣ್ಣು ಮುಚ್ಚಿದರು. ನೀಲಾ ಅಳಲಿಲ್ಲ, ನಗಲಿಲ್ಲ. ಪುಷ್ಪಾಳ ಕಡೆ ತಿರುಗಿ ಎರಡೂ ಕೈ ಚಾಚಿದಳು. ಪುಷ್ಪಾ ಮಗುವನ್ನು ಕೊಟ್ಟಳು. ಅದೇನು ಸಣ್ಣ ಮಗುವೇ, ಡೈರಿ ಹಾಲು ಕುಡಿದ ಗುಂಡುಕಲ್ಲು. ನೀಲಾ ಅವನನ್ನು ಎತ್ತಿಕೊಂಡು ಎದ್ದು ನಿಂತು, ಅವನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು.

ಮಹದೇವಮ್ಮನವರು ಕಣ್ಣು ಬಿಟ್ಟು ನೋಡಿ, "ಏ, ಬಸುರಿ ಹೆಂಗ್ಸು ಭಾರ ಎತ್ಬಾರ್ದು ಕಣೇ! ಇಳ್ಸು ಅವನ, ಇಳ್ಸು!" ಎಂದು ಗದರಿದರು.

ನೀಲಾ ಇಳಿಸಲಿಲ್ಲ.